ಡಬ್ಬಿಯೊಳಗಿನ ಕರಿಯ ಪುಡಿ

ಗ್ರಾಫೀನ್ ಬೆರೆತ ಗೋಡೆಯ ಬಣ್ಣ, ಗ್ರಾಫೀನ್ ಬೆರೆತ ಕಾರಿನ ಪಾಲಿಷ್, ಗ್ರಾಫೀನ್ ಬೆರೆತ ಟೆನಿಸ್ ರ‍್ಯಾಕೆಟ್—ಜಾಹೀರಾತುಗಳಲ್ಲಿ ಈ ಹೆಸರನ್ನು ಕಾಣದ ವಾಚಕರು ಈಗ ವಿರಳ. ಉಕ್ಕಿಗಿಂತ ಇನ್ನೂರು ಪಟ್ಟು ಬಲಶಾಲಿ, ತಾಮ್ರಕ್ಕಿಂತ ಚೆನ್ನಾಗಿ ಶಾಖವನ್ನು ಸಾಗಿಸಬಲ್ಲದು ಎಂಬ ಬಿರುದುಗಳೂ ಅದರ ಜೊತೆಗಿರುತ್ತವೆ. ಬಿರುದುಗಳು ಸುಳ್ಳಲ್ಲ. ಆದರೆ ಅವು ಯಾವ ವಸ್ತುವಿಗೆ ಸಲ್ಲುವವೋ ಆ ವಸ್ತು ಡಬ್ಬಿಯೊಳಗೆ ಇದೆಯೆ ಎಂಬುದು ಬೇರೆಯೇ ಪ್ರಶ್ನೆ. ಈ ವಾರ ಆ ಪ್ರಶ್ನೆಯನ್ನೇ ಕೊಂಚ ಬಿಡಿಸಿ ನೋಡೋಣ.

ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟನ್ನು ಎಲ್ಲರೂ ಬಲ್ಲರು. ಅದನ್ನು ಇಂಗಾಲದ ಪರಮಾಣುಗಳಿಂದಾದ ಚಿರೋಟಿ ಎನ್ನಬಹುದು. ಪದರದ ಮೇಲೆ ಪದರ. ಒಂದೊಂದು ಪದರದೊಳಗೂ ಪರಮಾಣುಗಳು ಜೇನುಗೂಡಿನ ಕಣ್ಣುಗಳಂತೆ ಹೆಣೆದುಕೊಂಡು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಪದರ ಪದರಗಳ ನಡುವಣ ನಂಟು ಮಾತ್ರ ಸಡಿಲ. ಆದುದರಿಂದಲೇ ಕಡ್ಡಿಯು ಕಾಗದದ ಮೇಲೆ ಜಾರಿ ಗೆರೆ ಮೂಡಿಸುತ್ತದೆ. ಈ ಚಿರೋಟಿಯ ಒಂದೇ ಒಂದು ಪದರವನ್ನು ಬಿಡಿಸಿ ತೆಗೆದರೆ ಅದೇ ಗ್ರಾಫೀನ್. ಒಂದು ಮಿಲಿಮೀಟರು ದಪ್ಪದ ಗ್ರಾಫೈಟಿನಲ್ಲಿ ಅಂತಹ ಪದರಗಳು ಸುಮಾರು 30 ಲಕ್ಷ! ಒಂದೇ ಒಂದು ಗ್ರಾಂ ತೂಕದ ಗ್ರಾಫೀನನ್ನು ಒಂಟಿ ಪದರವಾಗಿ ಹಾಸುವುದು ಸಾಧ್ಯವಾದರೆ, 30 ಅಡಿ 40 ಅಡಿಯ 11 ನಿವೇಶನಗಳನ್ನು ಮುಚ್ಚಿ ಇನ್ನೂ ಸ್ವಲ್ಪ ಮಿಗುತ್ತದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬ ವಿಜ್ಞಾನಿಗಳು ಆ ಪದರವನ್ನು ಬಿಡಿಸಿದುದು ಸಾಮಾನ್ಯ ಅಂಟುಪಟ್ಟಿಯಿಂದ. ಗ್ರಾಫೈಟಿಗೆ ಅಂಟಿಸಿ ಕೀಳುವುದು, ಬಂದ ಚೂರನ್ನು ಮತ್ತೆ ಅಂಟಿಸಿ ಮತ್ತೆ ಕೀಳುವುದು. 2004ರಲ್ಲಿ ಪ್ರಕಟವಾದ ಆ ಕೆಲಸಕ್ಕೆ 2010ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಅಂಟುಪಟ್ಟಿಯಿಂದ ದೊರೆಯುವುದು ಸೂಕ್ಷ್ಮದರ್ಶಕದ ಕೆಳಗಿಟ್ಟು ಹುಡುಕಬೇಕಾದ ಒಂದು ಚೂರು. ಕಾರ್ಖಾನೆಗೆ ಬೇಕಾದುದು ಮೂಟೆ.

ಒಂದು ಹಾದಿಯೆಂದರೆ ಪದರವನ್ನು ಬಿಡಿಸುವ ಬದಲು ಹೊಸದಾಗಿಯೇ ಬೆಳೆಸುವುದು. ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ತಾಮ್ರದ ತೆಳು ಹಾಳೆಯ ಮೇಲೆ ಮೀಥೇನ್ ಅನಿಲವನ್ನು ಹಾಯಿಸಿದರೆ ಅದರಲ್ಲಿನ ಇಂಗಾಲವು ತಾಮ್ರದ ಮೇಲೆ ಒಂಟಿ ಪದರವಾಗಿ ಕೂಡುತ್ತದೆಂದು ಅಮೆರಿಕದ ಟೆಕ್ಸಾಸ್‌ನಲ್ಲಿ 2009ರಲ್ಲಿ ತೋರಿಸಿದರು. ಮರುವರ್ಷವೇ ದಕ್ಷಿಣ ಕೊರಿಯದವರು 30 ಅಂಗುಲದ ಹಾಳೆಯನ್ನು ತೆಗೆದರು. 2013ರಲ್ಲಿ ಜಪಾನಿನ ಸೋನಿ ಸಂಸ್ಥೆಯವರು 100 ಮೀಟರ್ ಉದ್ದದ ಸುರುಳಿಯನ್ನೇ ತಯಾರಿಸಿದರು. ಸುಕ್ಕಾಗದಂತೆ, ಹರಿಯದಂತೆ ಅದನ್ನು ತಾಮ್ರದಿಂದ ಬೇರೆಡೆಗೆ ವರ್ಗಾಯಿಸುವುದೇ ಅಲ್ಲಿ ಕಷ್ಟ. ಇದು ವಿದ್ಯುದುಪಕರಣಗಳಿಗೆ ತಕ್ಕ ದುಬಾರಿ ಸರಕು. ಬಣ್ಣಕ್ಕೂ ಕಾಂಕ್ರೀಟಿಗೂ ಬೆರೆಸಲು ಬೇಕಾದುದು ಪುಡಿ.

ಪುಡಿಯ ಹಾದಿಗಳಲ್ಲಿ ಹೆಸರಾದುದು ಅಮೆರಿಕದ ಹಮ್ಮರ್ಸ್ ಮತ್ತು ಆಫೆಮನ್ ಎಂಬವರು 1958ರಲ್ಲಿ ಪ್ರಕಟಿಸಿದ ವಿಧಾನ. ಆಗ ಗ್ರಾಫೀನ್ ಯಾರ ಕೈಗೂ ಸಿಕ್ಕಿರಲಿಲ್ಲ. ಅವರಿಗೆ ಬೇಕಾಗಿದ್ದುದು ಗ್ರಾಫೈಟ್ ಆಕ್ಸೈಡು. ಗ್ರಾಫೈಟ್ ಪುಡಿಯನ್ನು ಪ್ರಬಲ ಗಂಧಕಾಮ್ಲದಲ್ಲಿ ಕಲಸಿ, ಬಾವಿಯ ನೀರಿಗೆ ಹಾಕುತ್ತಿದ್ದ ಅದೇ ನೇರಿಳೆ ಹರಳು, ಪೊಟ್ಯಾಸಿಯಂ ಪರ್ಮಾಂಗನೇಟನ್ನು ಸೇರಿಸುತ್ತಾರೆ. ಆಮ್ಲಜನಕವು ಪದರಗಳ ನಡುವೆ ನುಗ್ಗಿ ಅವನ್ನು ಅಗಲಿಸುತ್ತದೆ. ಅನಂತರ ನೀರಿನಲ್ಲಿ ಕದಡಿದರೆ ಪದರಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಇಷ್ಟು ಸುಲಭವಾದರೆ ತೊಡಕೆಲ್ಲಿ? ತೊಡಕಿರುವುದು ಪಾತ್ರೆಯ ಗಾತ್ರದಲ್ಲಿ. ಗಂಧಕಾಮ್ಲವೂ ಪರ್ಮಾಂಗನೇಟೂ ಕೂಡಿದಾಗ ಹುಟ್ಟುವ ಒಂದು ಸಂಯುಕ್ತವು 55 ಡಿಗ್ರಿಗಿಂತ ಹೆಚ್ಚು ಕಾದರೆ ಸ್ಫೋಟಿಸಬಲ್ಲದು. ಪ್ರಯೋಗಶಾಲೆಯ ಗಾಜಿನ ಪಾತ್ರೆಯನ್ನು ಮಂಜುಗಡ್ಡೆಯಲ್ಲಿಟ್ಟರೆ ಸಾಕು, ತಣ್ಣಗಿರುತ್ತದೆ. ಆದರೆ ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಹತ್ತು ಪಟ್ಟು ಹಿಗ್ಗಿಸಿದರೆ ಒಳಗಿನ ಸರಕು ಸಾವಿರ ಪಟ್ಟಾಗುತ್ತದೆ. ಶಾಖವನ್ನು ಹೊರಕ್ಕೆ ಬಿಡುವ ಮೈ ಮಾತ್ರ ನೂರು ಪಟ್ಟು. ಮದುವೆಮನೆಯ ಹಂಡೆಯ ಅನ್ನ ಗಂಟೆಗಟ್ಟಲೆ ಆರದಿರುವುದು ಇದೇ ಕಾರಣದಿಂದ. ಮುಂದೆ ತೊಳೆಯುವ ಕೆಲಸ: ಅಂಬಲಿಯಂತೆ ಉಬ್ಬಿದ ಆ ಮುದ್ದೆಯಿಂದ ಆಮ್ಲವನ್ನು ತೆಗೆಯಲು ನೀರೋ ನೀರು, ಆ ಹುಳಿನೀರನ್ನು ಎಲ್ಲಿಗೆ ಬಿಡುವುದೆಂಬ ಚಿಂತೆ ಬೇರೆ. ಇಷ್ಟಾದ ಮೇಲೂ ಕೈಗೆ ಬಂದುದು ಆಕ್ಸೈಡು. ಆಮ್ಲಜನಕವನ್ನು ಹೊರಹಾಕಿದರೂ ಜೇನುಗೂಡಿನಲ್ಲಿ ತೂತುಗಳು ಉಳಿಯುತ್ತವೆ. ತೂತುಬಿದ್ದ ಪದರಕ್ಕೆ ಮೊದಲು ಹೇಳಿದ ಬಿರುದುಗಳು ಪೂರ್ತಿಯಾಗಿ ಸಲ್ಲವು.

ಆಮ್ಲವಿಲ್ಲದ ದಾರಿಯೊಂದನ್ನು ಐರ್ಲೆಂಡಿನ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ಜೊನಾಥನ್ ಕೋಲ್ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಗ್ರಾಫೈಟ್ ಪುಡಿ, ನೀರು, ಪಾತ್ರೆ ತೊಳೆಯುವ ಸಾಬೂನಿನ ದ್ರವ—ಇವನ್ನು ಸೇರಿಸಿ ರಭಸವಾಗಿ ಕಡೆಯುವುದು. ದ್ರವದ ಸೆಳೆತಕ್ಕೆ ಪದರಗಳು ಒಂದರ ಮೇಲೊಂದು ಜಾರಿ ಬಿಡಿಯಾಗುತ್ತವೆ. ಅಡಿಗೆಮನೆಯ ಮಿಕ್ಸಿಯಲ್ಲೂ ಇದು ನಡೆಯುತ್ತದೆಂದು ಅವರು ತೋರಿಸಿದರು. (ವಾಚಕರು ಪ್ರಯತ್ನಿಸಬಾರದೆಂದು ವಿನಂತಿ. ಆ ಮಿಕ್ಸಿಯಲ್ಲಿ ಮತ್ತೆ ಚಟ್ನಿ ರುಬ್ಬಲಾಗದು.) ಇಲ್ಲಿ ಪದರಗಳಿಗೆ ಅಷ್ಟಾಗಿ ಗಾಯವಾಗುವುದಿಲ್ಲ, ಆದರೆ ಹಾಕಿದ ಗ್ರಾಫೈಟಿನ ಬಹುಪಾಲು ಬಿಡಿಸಿಕೊಳ್ಳದೆ ಉಳಿಯುತ್ತದೆ. ಬಿಡಿಯಾದುದನ್ನು ಅದರಿಂದ ಬೇರ್ಪಡಿಸಬೇಕು.

ಇನ್ನೊಂದು ಪೇಚು ಎಲ್ಲ ಪುಡಿಗಳಿಗೂ ಸಮಾನ. ಹಸಿ ಹಪ್ಪಳಗಳನ್ನು ಹಿಟ್ಟು ಉದುರಿಸದೆ ಒಂದರ ಮೇಲೊಂದು ಪೇರಿಸಿದರೆ ಏನಾಗುತ್ತದೆಂದು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಕಷ್ಟಪಟ್ಟು ಬಿಡಿಸಿದ ಗ್ರಾಫೀನ್ ಪದರಗಳೂ ದ್ರವವನ್ನು ಆರಿಸಿದೊಡನೆ ಹಾಗೆಯೇ ಒಂದಕ್ಕೊಂದು ಅಂಟಿಕೊಂಡು, ಮೆಲ್ಲಗೆ ಗ್ರಾಫೈಟಿನ ಕಡೆಗೇ ಹಿಂದಿರುಗುತ್ತವೆ.

ಕಣ್ಣಿಗಾದರೋ ಎರಡೂ ಕರಿಯ ಪುಡಿಯೇ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಕಾಸ್ಟ್ರೊ ನೆಟೊ ಮತ್ತು ಸಹೋದ್ಯೋಗಿಗಳು ಅಮೆರಿಕ, ಏಷ್ಯ, ಯೂರೋಪು ಖಂಡಗಳ 60 ತಯಾರಕರ ಸರಕನ್ನು ತರಿಸಿ ಪರೀಕ್ಷಿಸಿ, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹತ್ತು ಪದರದವರೆಗಿನ ಚೂರುಗಳನ್ನೂ ಗ್ರಾಫೀನೆಂದೇ ಲೆಕ್ಕಕ್ಕೆ ಹಿಡಿದರೂ, ಬಹುತೇಕ ಸರಕುಗಳಲ್ಲಿ ಅದರ ಪಾಲು ಶೇಕಡ 10ಕ್ಕಿಂತ ಕಡಿಮೆ. ಶೇಕಡ 50ನ್ನು ದಾಟಿದುದು ಒಂದೂ ಇಲ್ಲ. ಉಳಿದುದೆಲ್ಲ ನುಣ್ಣನೆಯ ಗ್ರಾಫೈಟು. ಕಾಫಿಪುಡಿಗೆ ಚಿಕೋರಿ ಬೆರೆಸುವುದು ನಮಗೆ ಗೊತ್ತು. ಇಲ್ಲಿ ಚಿಕೋರಿಗೆ ಚಿಟಿಕೆ ಕಾಫಿಪುಡಿ ಬೆರೆಸಿದಂತಾಯಿತು!

ಇದರಿಂದ ನಷ್ಟ ಹಣ ತೆತ್ತವನಿಗೆ ಮಾತ್ರವಲ್ಲ. ಅಂತಹ ಪುಡಿಯನ್ನು ಕೊಂಡು ಪ್ರಯೋಗಮಾಡಿದ ಕಾರ್ಖಾನೆಯವನು ಫಲ ಕಾಣದೆ, ಗ್ರಾಫೀನೇ ಪೊಳ್ಳೆಂದು ಕೈಬಿಡುತ್ತಾನೆ. ಪ್ರಾಮಾಣಿಕವಾಗಿ ತಯಾರಿಸಿದವನ ಬಾಗಿಲೂ ಹಾಗೆ ಮುಚ್ಚುತ್ತದೆ.

ದಪ್ಪನೆಯ ಚೂರುಗಳು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಅಮೆರಿಕದ ಫೋರ್ಡ್ ಸಂಸ್ಥೆಯವರು 2018ರಲ್ಲಿ ಕಾರಿನ ಎಂಜಿನ್ ಭಾಗದ ನೊರೆರಬ್ಬರಿನಂತಹ ಹೊದಿಕೆಗಳಿಗೆ ಶೇಕಡ ಅರ್ಧಕ್ಕೂ ಕಡಿಮೆ ಗ್ರಾಫೀನ್ ಸರಕನ್ನು ಬೆರೆಸಿ, ಸದ್ದು ಶೇಕಡ 17ರಷ್ಟು ತಗ್ಗಿತೆಂದು ಸಾರಿದರು. ಸಲ್ಲುವ ಕಡೆ ಸಲ್ಲಲಿ. ಹೆಸರು ಮಾತ್ರ ಸರಿಯಾಗಿರಲಿ. ಒಂಟಿ ಪದರಕ್ಕೊಂದು, ಹತ್ತರವರೆಗಿನ ಪದರಗಳಿಗೊಂದು ಎಂದು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2017ರಲ್ಲಿಯೇ ಹೆಸರುಗಳನ್ನು ಗೊತ್ತುಮಾಡಿದೆ. ಪಾಲಿಸುವವರು ಬೇಕು. 2021ರ ಏಪ್ರಿಲಿನಲ್ಲಿ, ಗ್ರಾಫೀನ್ ಲೇಪಿಸಿದ ಮುಖಗವಸುಗಳಿಂದ ಚೂರುಗಳು ಉಸಿರಿನೊಂದಿಗೆ ಒಳಸೇರಬಹುದೆಂದು ಕೆನಡದ ಆರೋಗ್ಯ ಇಲಾಖೆಯು ಅವುಗಳ ಬಳಕೆಯನ್ನು ತಡೆದು, ಪರಿಶೀಲನೆಯಾದ ಮೇಲೆ ಜುಲೈನಲ್ಲಿ ಕೆಲವು ಮಾದರಿಗಳಿಗೆ ಅನುಮತಿಯಿತ್ತಿತು. ಚೂರು ಎಷ್ಟು ದೊಡ್ಡದು, ಎಷ್ಟು ದಪ್ಪ ಎಂಬುದು ವೈದ್ಯರಿಗೂ ಬೇಕಾದ ಲೆಕ್ಕವೇ.

ಆ ಲೆಕ್ಕ ತೆಗೆಯುವ ಮುಖ್ಯ ಸಾಧನ ನಮ್ಮವರದೇ ಎಂಬುದು ಸಂತೋಷದ ಸಂಗತಿ. ಸರ್ ಸಿ.ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ರಾಮನ್ ಪರಿಣಾಮವೇ ಅದು. ಪುಡಿಯ ಮೇಲೆ ಲೇಸರ್ ಕಿರಣವನ್ನು ಬೀರಿ ಚೆದರಿದ ಬೆಳಕನ್ನು ವಿಂಗಡಿಸಿದರೆ ರೇಖಾಚಿತ್ರದಲ್ಲಿ ಶಿಖರಗಳು ಏಳುತ್ತವೆ. ಅವುಗಳ ಎತ್ತರದಿಂದಲೂ ಆಕಾರದಿಂದಲೂ ಪದರಗಳೆಷ್ಟು, ಗಾಯಗಳೆಷ್ಟು ಎಂಬುದನ್ನು ಊಹಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಎ.ಕೆ. ಸೂದ್ ಅವರ ತಂಡವು ಗ್ರಾಫೀನಿನ ಮೇಲೆ ಇದೇ ಬೆಳಕನ್ನು ಹಾಯಿಸಿ ನಡೆಸಿದ ಅಧ್ಯಯನ 2008ರಲ್ಲಿ ಹೊರಬಂದಿತು. ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವು ಜಲಜನಕದ ನಡುವೆ ಗ್ರಾಫೈಟ್ ಕಡ್ಡಿಗಳಿಗೆ ವಿದ್ಯುತ್ತಿನ ಕಿಡಿ ಹಾರಿಸಿ ಕೆಲವೇ ಪದರಗಳ ಗ್ರಾಫೀನನ್ನು ತೆಗೆಯುವ ವಿಧಾನವನ್ನು 2009ರಲ್ಲಿ ಪ್ರಕಟಿಸಿತು.

ಆದರೆ ಲೇಸರ್ ಕಿರಣವು ಒಂದು ಸಲಕ್ಕೆ ಕಾಣುವುದು ಕೂದಲೆಳೆಯ ಅಗಲಕ್ಕಿಂತಲೂ ಚಿಕ್ಕದಾದ ಒಂದು ಚುಕ್ಕೆಯನ್ನು. ಕಾರ್ಖಾನೆಯಿಂದ ಹೊರಡುವುದು ಮೂಟೆಗಳು. ಎಷ್ಟು ಮೂಟೆಗೆ ಎಷ್ಟು ಚಿಟಿಕೆ, ಒಂದೊಂದು ಚಿಟಿಕೆಯಲ್ಲಿ ಎಷ್ಟು ಚುಕ್ಕೆ ನೋಡಿದರೆಂದು ಕೊಳ್ಳುವವನು ಕೇಳಿದಾಗ, ಆ ಲೆಕ್ಕವನ್ನು ಬರೆದುಕೊಡಬಲ್ಲ ತಯಾರಕನಿಂದ ಧಾರಾಳವಾಗಿ ಕೊಳ್ಳಬಹುದು.