ಹೊಸ ಟ್ಯಾಬ್‌ನ ಪರದೆ ಅರ್ಧ ಹಳದಿ, ಅರ್ಧ ಬಿಳಿ: 'ನಾರ್ಮಲ್' ಎಂದು ತೀರ್ಮಾನಿಸುವವರು ಯಾರು?

ದೀಪಾವಳಿ ಸೇಲ್‌ನಲ್ಲಿ ತಂಗಿಗೊಂದು ಟ್ಯಾಬ್ ತೆಗೆದುಕೊಟ್ಟೆ. ನಾನಿರುವುದು ಪುಣೆಯಲ್ಲಿ, ಅವಳು ಧಾರವಾಡದಲ್ಲಿ ದ್ವಿತೀಯ ಪಿಯುಸಿ. ಆರ್ಡರ್ ಇಲ್ಲಿಂದ, ಡೆಲಿವರಿ ಅಲ್ಲಿಗೆ. ಮೂರನೇ ದಿನ ಅವಳ ಫೋನ್ ಬಂತು: "ಅಕ್ಕಾ, ಒಂದ್ ಕಡೆ ಅರಿಷಿಣ ಹಚ್ಚಿದಂಗ ಕಾಣಾಕತ್ತೈತಿ, ಇನ್ನೊಂದ್ ಕಡೆ ಬೆಳ್ಳಗ ಐತಿ."

ಒಂದೆರಡು ದಿನ ನೋಡೋಣ, ಸರಿಹೋಗಬಹುದು ಎಂದೆ. ಅದು ನನ್ನ ಮೊದಲ ತಪ್ಪು. ಆರನೇ ದಿನ ಆ್ಯಪ್‌ನಲ್ಲಿ ದೂರು ಕೊಟ್ಟಾಗ 'ಟೆಕ್ನಿಷಿಯನ್ ಬಂದು ಪರೀಕ್ಷಿಸುತ್ತಾರೆ' ಎಂಬ ಉತ್ತರ. ಟೆಕ್ನಿಷಿಯನ್‌ಗೆ ಕೊಟ್ಟ ದಿನಾಂಕ ಎಂಟನೇ ದಿನದ್ದು, ರಿಪ್ಲೇಸ್‌ಮೆಂಟ್ ಅವಧಿ ಇದ್ದದ್ದು ಏಳು ದಿನ. ಎಂಟನೇ ದಿನ ಯಾರೂ ಬರಲಿಲ್ಲ, ಆ್ಯಪ್‌ನಿಂದ ರಿಟರ್ನ್ ಬಟನ್ ಮಾತ್ರ ಹೋಗಿತ್ತು. ಕೊನೆಗೆ ಅಪ್ಪ ಹುಬ್ಬಳ್ಳಿಯ ಸರ್ವೀಸ್ ಸೆಂಟರ್‌ಗೆ ಒಯ್ದರು. ಅಲ್ಲಿನ ಹುಡುಗ ಒಂದು ನಿಮಿಷ ನೋಡಿ, "ಎಲ್ಲಾ ಪೀಸ್‌ನಾಗೂ ಹಿಂಗ ಇರತೈತ್ರಿ, ನಾರ್ಮಲ್ ಐತಿ" ಎಂದು ವಾಪಸ್ ಕೊಟ್ಟ.

ಟ್ಯಾಬ್ ಆನ್ ಆಗುತ್ತದೆ, ಟಚ್ ಕೆಲಸ ಮಾಡುತ್ತದೆ, ವಿಡಿಯೋ ಓಡುತ್ತದೆ. ಹಾಗಾದರೆ ಇದು ದೋಷವೋ ಅಲ್ಲವೋ? ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಪ್ರತಿ ಹಬ್ಬದ ಸೇಲ್ ಮುಗಿದ ಮೇಲೆ ಇದೇ ತಕರಾರು ಏಳುತ್ತದೆ, ಬಹುತೇಕ ಸಲ ಇದೇ ಒಂದು ಪದದಿಂದ ಮುಗಿಯುತ್ತದೆ.

ಬಣ್ಣ ಏಕೆ ಹಂಚಿಹೋಗುತ್ತದೆ?

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ, ಹಿಂದಿನಿಂದ ಬೆಳಕು ಕೊಡಬೇಕು. ಟ್ಯಾಬ್ ತೆಳ್ಳಗಿರಬೇಕಾದ ಕಾರಣ ಸಾಮಾನ್ಯವಾಗಿ ಒಂದು ಅಂಚಿನಲ್ಲಿ ಪುಟ್ಟ ಎಲ್‌ಇಡಿಗಳನ್ನು ಸಾಲಾಗಿ ಕೂರಿಸಿ, ಪಾರದರ್ಶಕ ಹಾಳೆಯೊಂದರ ಮೂಲಕ ಆ ಬೆಳಕನ್ನು ಪರದೆಯ ಉದ್ದಗಲಕ್ಕೆ ಹರಡುತ್ತಾರೆ. ಇಲ್ಲಿ ಬಳಸುವ 'ಬಿಳಿ' ಎಲ್‌ಇಡಿ ಕೂಡ ಅಸಲಿಗೆ ಬಿಳಿಯಲ್ಲ. ಅದು ನೀಲಿ ಎಲ್‌ಇಡಿ. ಮೇಲೆ ಹಳದಿ ಫಾಸ್ಫರ್ ಲೇಪನ. ಎರಡೂ ಬೆರೆತಾಗ ನಮ್ಮ ಕಣ್ಣಿಗೆ ಬಿಳಿ ಕಾಣುತ್ತದೆ. ಲೇಪನ ತುಸು ದಪ್ಪವಾದರೆ ಹಳದಿಯತ್ತ, ತೆಳುವಾದರೆ ನೀಲಿಯತ್ತ ವಾಲುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಎಲ್‌ಇಡಿಗಳನ್ನು ಬಣ್ಣದ ಪ್ರಕಾರ ಗುಂಪು ಮಾಡಿ ವಿಂಗಡಿಸುತ್ತಾರೆ. ಈ ವಿಂಗಡಣೆ ಎಷ್ಟು ಬಿಗಿಯೋ ಬೆಲೆಯೂ ಅಷ್ಟು ಏರುತ್ತದೆ. ಜೊತೆಗೆ, ಹಾಳೆಯೊಳಗೆ ದೂರ ಸಾಗುವ ಬೆಳಕಿನಲ್ಲಿ ನೀಲಿಯ ಪಾಲು ಕೊಂಚ ಕಡಿಮೆಯಾಗುವುದರಿಂದ ಎಲ್‌ಇಡಿ ಇರುವ ಅಂಚಿಗೂ ಎದುರಿನ ಅಂಚಿಗೂ ವ್ಯತ್ಯಾಸ ಕಾಣಿಸಿಕೊಳ್ಳಬಹುದು.

ಒಎಲ್‌ಇಡಿ ಪರದೆಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಹಾಗಾಗಿ ತೊಂದರೆಯ ರೂಪ ಬೇರೆ. ಬ್ರೈಟ್‌ನೆಸ್ ತೀರಾ ಇಳಿಸಿ ಬೂದು ಬಣ್ಣದ ಪುಟ ತೆರೆದರೆ ಕೆಲವೆಡೆ ಗುಲಾಬಿ, ಕೆಲವೆಡೆ ಹಸಿರು ಮೋಡ ಕವಿದಂತೆ ಕಾಣಬಹುದು.

ಈ ಅಸಮತೆಗೆ ಡಿಸ್‌ಪ್ಲೇ ಉದ್ಯಮದಲ್ಲಿ ಜಪಾನಿ ಭಾಷೆಯ 'ಮುರಾ' ಎಂಬ ಹೆಸರೇ ಇದೆ. ಅದನ್ನು ಅಳೆಯಲು 'ಸೆಮಿ ಡಿ31' ಎಂಬ ಮಾನದಂಡವೂ ಇದೆ. ಅಂದರೆ ಕಾರ್ಖಾನೆಯೊಳಗೆ ಇದು ಕಣ್ಣಂದಾಜಿನ ಮಾತಲ್ಲ, ಅಂಕಿಯಲ್ಲಿ ಅಳೆಯುವ ವಸ್ತು. ಆದರೆ ಟ್ಯಾಬ್‌ನ ಬಾಕ್ಸ್ ಮೇಲೆ ರೆಸಲ್ಯೂಶನ್ ಇರುತ್ತದೆ, ಬ್ರೈಟ್‌ನೆಸ್ ಇರುತ್ತದೆ. ಬಣ್ಣ ಎಷ್ಟು ಹೆಚ್ಚುಕಡಿಮೆ ಆದರೆ ನಾವು ಒಪ್ಪಿಕೊಳ್ಳಬೇಕು ಎಂಬ ಅಂಕಿಯನ್ನು ಬಾಕ್ಸ್ ಮೇಲೆ ಮುದ್ರಿಸಿದ್ದನ್ನು ನಾನಂತೂ ನೋಡಿಲ್ಲ. ಸತ್ತ ಪಿಕ್ಸೆಲ್‌ಗಳ ವಿಷಯದಲ್ಲಿ ಹೀಗಿಲ್ಲ. ಅವನ್ನು ಎಣಿಸಬಹುದು, ಐಎಸ್‌ಒ 9241 ಸರಣಿಯಲ್ಲಿ ಎಷ್ಟಿದ್ದರೆ ಯಾವ ವರ್ಗ ಎಂಬ ಲೆಕ್ಕವೂ ಇದೆ. ಚುಕ್ಕಿಯನ್ನು ಬೆರಳಿಟ್ಟು ತೋರಿಸಬಹುದು. ಛಾಯೆಯನ್ನು ತೋರಿಸಹೋದರೆ "ನಿಮಗೆ ಹಾಗೆ ಕಾಣುತ್ತಿದೆ" ಎನ್ನುತ್ತಾರೆ.

ಇಂದಿನ ನಾರ್ಮಲ್, ನಾಳೆಯ ದೋಷ

ಈ 'ನಾರ್ಮಲ್' ಎಷ್ಟು ಗಟ್ಟಿ ಎಂದು ನೋಡಲು ಹಳೆಯ ಪ್ರಕರಣಗಳೇ ಸಾಕು. 2017ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್8ರ ಪರದೆ ಕೆಂಪಗಿದೆ ಎಂಬ ದೂರು ಬಂದಾಗ ಕಂಪನಿ ಅದನ್ನು ದೋಷವೆಂದು ಒಪ್ಪಲಿಲ್ಲ. ಬಣ್ಣ ಹೊಂದಿಸಿಕೊಳ್ಳಲು ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟಿತು. ಅದೇ ವರ್ಷ ಗೂಗಲ್ ಪಿಕ್ಸೆಲ್ 2 ಎಕ್ಸ್‌ಎಲ್ ಪರದೆಯ ನೀಲಿ ಛಾಯೆ, ಕಲೆ ಉಳಿಯುವ ತೊಂದರೆ ಸುದ್ದಿಯಾಯಿತು. ಕಂಪನಿ ಪರದೆಯನ್ನು ಸಮರ್ಥಿಸಿಕೊಂಡರೂ ಪಿಕ್ಸೆಲ್ 2 ಫೋನ್‌ಗಳ ವಾರಂಟಿಯನ್ನು ಎರಡು ವರ್ಷಕ್ಕೆ ಏರಿಸಿತು. 2021ರಲ್ಲಿ ಬಂದ ಐಪ್ಯಾಡ್ ಮಿನಿಯಲ್ಲಿ ಪುಟ ಸರಿಸುವಾಗ ಒಂದು ಬದಿ ಇನ್ನೊಂದಕ್ಕಿಂತ ಹಿಂದೆ ಬೀಳುವುದನ್ನು ಜನ ಎತ್ತಿ ತೋರಿಸಿದಾಗ, ಅದು ಎಲ್‌ಸಿಡಿ ಪರದೆಗಳಲ್ಲಿ ಸಹಜ ಎಂಬುದು ಆ್ಯಪಲ್ ಉತ್ತರವಾಗಿತ್ತು.

ಭಾರತದ ಉದಾಹರಣೆಯೂ ಇದೆ. ಅಮೊಲೆಡ್ ಫೋನ್‌ಗಳಲ್ಲಿ ಅಪ್‌ಡೇಟ್ ಆದ ಮೇಲೆ ಹಸಿರು ಗೆರೆ ಬರುತ್ತಿದೆ ಎಂಬ ದೂರು ವರ್ಷಗಟ್ಟಲೆ ಕೇಳಿಬಂತು. ಕೊನೆಗೆ 2024ರಲ್ಲಿ ಸ್ಯಾಮ್‌ಸಂಗ್ ಇಲ್ಲಿ ಕೆಲವು ಹಳೆಯ ಗ್ಯಾಲಕ್ಸಿ ಎಸ್ ಮಾದರಿಗಳ ಪರದೆಯನ್ನು, ವಾರಂಟಿ ಮುಗಿದಿದ್ದರೂ, ಸೀಮಿತ ಅವಧಿಗೆ ಉಚಿತವಾಗಿ ಬದಲಿಸಿತು. ಅದೇ ವರ್ಷದ ಕೊನೆಗೆ ಒನ್‌ಪ್ಲಸ್ ಭಾರತದಲ್ಲಿ ಹಸಿರು ಗೆರೆಗೆ ಜೀವಮಾನದ ವಾರಂಟಿ ಘೋಷಿಸಿತು.

ಪರದೆ ಬದಲಾಗಲಿಲ್ಲ, ದೂರುಗಳ ಸಂಖ್ಯೆ ಬದಲಾಯಿತು. ನನ್ನ ಅಭಿಪ್ರಾಯದಲ್ಲಿ, ಸರ್ವೀಸ್ ಸೆಂಟರ್‌ನಲ್ಲಿ ಕೇಳುವ 'ನಾರ್ಮಲ್' ತಾಂತ್ರಿಕ ತೀರ್ಮಾನವೇ ಅಲ್ಲ. ಬದಲಿಸಿಕೊಡಲು ಎಷ್ಟು ಖರ್ಚು, ಸುಮ್ಮನಿದ್ದರೆ ಎಷ್ಟು ಗಲಾಟೆ ಎಂಬ ಲೆಕ್ಕಾಚಾರ ಅದು. ಮಾತಿನಲ್ಲಿ ಜಗಳವಾಡಿ ಮನೆಗೆ ಬಂದ ಗ್ರಾಹಕ ಈ ಲೆಕ್ಕಕ್ಕೆ ಸೇರುವುದಿಲ್ಲ. ಲಿಖಿತ ದೂರು ಕೊಟ್ಟವರು ಮಾತ್ರ ಸೇರುತ್ತಾರೆ.

ದೂರಿಗೆ ಮೊದಲು ಸಾಕ್ಷಿ

ಮೊದಲು ನೈಟ್ ಲೈಟ್, ಐ ಕಂಫರ್ಟ್, ರೀಡಿಂಗ್ ಮೋಡ್, ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಸೆಟ್ಟಿಂಗ್ ಎಲ್ಲವನ್ನೂ ಆಫ್ ಮಾಡಿ. ಇವು ಇಡೀ ಪರದೆಯನ್ನು ಹಳದಿ ಮಾಡುತ್ತವೆಯೇ ಹೊರತು ಅರ್ಧವನ್ನಲ್ಲ, ಆದರೂ ಕಾಲ್ ಸೆಂಟರ್‌ನವರು ಇದನ್ನೇ ಮೊದಲು ಕೇಳುತ್ತಾರೆ. ಮೇಲೆ ಅಂಟಿಸಿದ ಟೆಂಪರ್ಡ್ ಗ್ಲಾಸ್ ತೆಗೆದು ನೋಡಿ.

ನಂತರ ಖಾಲಿ ಬಿಳಿ ಪುಟ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ಅದನ್ನು ಬೇರೆ ಫೋನ್‌ನಲ್ಲಿ ನೋಡಿ. ಅಲ್ಲಿ ಪುಟ ಸರಿಯಾಗಿ ಬೆಳ್ಳಗಿದ್ದರೆ ತೊಂದರೆ ಚಿತ್ರದಲ್ಲಿಲ್ಲ, ನಿಮ್ಮ ಟ್ಯಾಬ್‌ನ ಪರದೆಯಲ್ಲಿದೆ. ಟ್ಯಾಬನ್ನು ಅಡ್ಡ, ಉದ್ದ ತಿರುಗಿಸಿದಾಗಲೂ ಹಳದಿ ಅದೇ ಅಂಚಿಗೆ ಅಂಟಿಕೊಂಡಿದ್ದರೆ ಅದೂ ಪರದೆಯದೇ ತೊಂದರೆ. ಸಾಫ್ಟ್‌ವೇರ್‌ನದ್ದಾಗಿದ್ದರೆ ಚಿತ್ರದ ಜೊತೆ ಬಣ್ಣವೂ ತಿರುಗುತ್ತಿತ್ತು.

ಫೋಟೊ ತೆಗೆಯುವುದು ಮಾತ್ರ ನಾಜೂಕಿನ ಕೆಲಸ. ಫೋನ್ ಕ್ಯಾಮೆರಾ ತನ್ನಷ್ಟಕ್ಕೆ ಬಣ್ಣ ತಿದ್ದಿ ವ್ಯತ್ಯಾಸವನ್ನು ನುಂಗಿಬಿಡುತ್ತದೆ, ಕೆಲವೊಮ್ಮೆ ಇಲ್ಲದ್ದನ್ನೂ ತೋರಿಸುತ್ತದೆ. ಪ್ರೊ ಮೋಡ್‌ನಲ್ಲಿ ವೈಟ್ ಬ್ಯಾಲೆನ್ಸ್ ಸ್ಥಿರವಾಗಿಟ್ಟು, ನೇರವಾಗಿ ಎದುರಿನಿಂದ ಒಂದು ಫೋಟೊ, ಟ್ಯಾಬನ್ನು ತಲೆಕೆಳಗು ಮಾಡಿ ಇನ್ನೊಂದು ಫೋಟೊ ತೆಗೆಯಿರಿ. ಎರಡನೆಯದರಲ್ಲಿ ಹಳದಿ ಬದಿಯೂ ತಿರುಗಿದ್ದರೆ ಕೋಣೆಯ ದೀಪದ ನೆಪ ನಡೆಯುವುದಿಲ್ಲ.

'ಒಳಗಿನ ಅಂಟು ಇನ್ನೂ ಒಣಗಿಲ್ಲ, ಕೆಲವು ದಿನದಲ್ಲಿ ಹಳದಿ ಹೋಗುತ್ತದೆ' ಎಂಬ ಮಾತು 2010ರಲ್ಲಿ ಐಫೋನ್ 4ರ ಹಳದಿ ಕಲೆಗಳ ಕಾಲದಿಂದ ಓಡಾಡುತ್ತಿದೆ. ಅಂಟು ಒಣಗುವವರೆಗೆ ಕಾದರೆ ಏಳು ದಿನ ಮುಗಿದಿರುತ್ತದೆ. ಮೊದಲು ದೂರು ದಾಖಲಿಸಿ, ಆಮೇಲೆ ಬೇಕಾದರೆ ಕಾಯಿರಿ. ರಿಟರ್ನ್ ಬಟನ್ ಇರುವಾಗಲೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ನಾನು ತೆಗೆದಿಟ್ಟಿರಲಿಲ್ಲ, ದೂರು ಸಂಖ್ಯೆಯ ಎಸ್‌ಎಂಎಸ್ ಇದ್ದದ್ದರಿಂದ ಬಚಾವಾದೆ.

ಏಳು ದಿನ ಯಾರ ನಿಯಮ?

ಏಳು ದಿನದ ಮಿತಿ ಮಾರಾಟ ತಾಣದ್ದು, ಕಾನೂನಿನದ್ದಲ್ಲ. ಮನಸ್ಸು ಬದಲಾಯಿತು, ಬಣ್ಣ ಇಷ್ಟವಾಗಲಿಲ್ಲ ಎಂದು ವಾಪಸ್ ಮಾಡುವವರಿಗೆ ಅದು ಅನ್ವಯಿಸಲಿ, ತಕರಾರಿಲ್ಲ. ದೋಷವಿರುವ ವಸ್ತುವಿನ ಮಾತು ಬೇರೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ 6ನೇ ನಿಯಮದ ಪ್ರಕಾರ ವಸ್ತು ದೋಷಪೂರಿತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಅದರಲ್ಲಿ ಇಲ್ಲದಿದ್ದರೆ ಮಾರಾಟಗಾರ ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಇಂತಿಷ್ಟೇ ದಿನ ಎಂಬ ಷರತ್ತು ಆ ಸಾಲಿನಲ್ಲಿಲ್ಲ. ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ಅಧಿಕಾರಿಯ ಹೆಸರು, ಇಮೇಲ್ ತಾಣದಲ್ಲಿ ಇರಲೇಬೇಕು. ಸಾಮಾನ್ಯವಾಗಿ ಪುಟದ ತೀರಾ ಕೆಳಗೆ, ಯಾರೂ ಒತ್ತದ ಲಿಂಕ್‌ನಲ್ಲಿರುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(10) 'ದೋಷ'ವನ್ನು ವಿವರಿಸುವ ರೀತಿ ನಮಗೆ ಮುಖ್ಯ. ಕಾನೂನು ಅಥವಾ ಒಪ್ಪಂದದ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿನ ಕೊರತೆಯಷ್ಟೇ ಅಲ್ಲ, ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟದಲ್ಲಿನ ಕೊರತೆಯೂ ದೋಷವೇ. 'ನಿಖರ ಬಣ್ಣ', 'ಕಣ್ಣಿಗೆ ಹಿತವಾದ ಕಾಗದದಂಥ ಬಿಳುಪು' ಎಂದೆಲ್ಲ ಜಾಹೀರಾತು ಮಾಡಿದ ಕಂಪನಿಗೆ, ಅರ್ಧ ಪರದೆ ಹಳದಿಯಾದಾಗ ನಾರ್ಮಲ್ ಎನ್ನುವುದು ಅಷ್ಟು ಸುಲಭವಲ್ಲ. ಆದ್ದರಿಂದ ಖರೀದಿಸಿದ ದಿನವೇ ಆ ಜಾಹೀರಾತಿನ ಪುಟವನ್ನು ಉಳಿಸಿಡಿ, ಸೇಲ್ ಮುಗಿದ ಮೇಲೆ ಸಾಲುಗಳು ಬದಲಾಗುವುದುಂಟು.

ಅಂಗಡಿಯಲ್ಲಿ ಕೊಂಡವರಿಗೆ ಸೆಕ್ಷನ್ 2(47) ಇದೆ. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಬಿಲ್‌ನಲ್ಲಿ ಅವಧಿ ಇಲ್ಲದಿದ್ದರೆ 30 ದಿನದಲ್ಲಿ, ವಾಪಸ್ ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. 'ಮಾರಿದ ಮಾಲು ವಾಪಸ್ ಇಲ್ಲ' ಎಂದು ಬಿಲ್ ಮೇಲೆ ಸೀಲು ಒತ್ತಿದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ.

ದುರ್ಬಲ ಕೊಂಡಿಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಪ್ರಕರಣ ಗ್ರಾಹಕ ಆಯೋಗಕ್ಕೆ ಹೋದರೆ ದೋಷ ಇದೆ ಎಂದು ತೋರಿಸುವ ಹೊಣೆ ನಮ್ಮದೇ. ಬರೀ ಕಣ್ಣಿಗೆ ತೀರ್ಮಾನಿಸಲಾಗದ ದೋಷವನ್ನು ಆಯೋಗ ಪ್ರಯೋಗಾಲಯಕ್ಕೆ ಕಳಿಸಬಹುದು, ಶುಲ್ಕ ದೂರುದಾರರೇ ಕಟ್ಟಬೇಕು. ಪರೀಕ್ಷೆ ಬೇಡದ ಪ್ರಕರಣಕ್ಕೆ ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳು ಎಂದು ಕಾಯ್ದೆ ಹೇಳುತ್ತದೆ. ಆಯೋಗದ ಮೆಟ್ಟಿಲು ಹತ್ತಿದವರನ್ನು ಕೇಳಿದರೆ ನಗುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ ಹೊಸ ವಸ್ತುವಿಗೆ ಎರಡು ವರ್ಷದ ಕಾನೂನುಬದ್ಧ ಖಾತರಿ ಇದೆ. ಮೊದಲ ವರ್ಷದಲ್ಲಿ ದೋಷ ಕಂಡರೆ ಅದು ಮಾರುವಾಗ ಇರಲಿಲ್ಲ ಎಂದು ಸಾಬೀತುಪಡಿಸುವ ಹೊಣೆ ಮಾರಾಟಗಾರನದ್ದು. ನಮ್ಮ ಕಾನೂನಿಗೆ ತುರ್ತಾಗಿ ಬೇಕಿರುವುದು ಈ ಒಂದು ತಿರುವು.

ಊರು ಬಿಟ್ಟು ಇರುವವರಿಗೆ

ಹಳೆಯ 1986ರ ಕಾಯ್ದೆಯಲ್ಲಿ ಮಾರಾಟಗಾರ ಇರುವ ಊರು ಅಥವಾ ವ್ಯವಹಾರ ನಡೆದ ಊರು ಹುಡುಕಿಕೊಂಡು ಹೋಗಬೇಕಿತ್ತು. 2020ರ ಜುಲೈನಲ್ಲಿ ಜಾರಿಯಾದ ಹೊಸ ಕಾಯ್ದೆಯ ಪ್ರಕಾರ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಾಟಗಾರನ ವಿಳಾಸ ಹರಿಯಾಣದ್ದಾದರೂ ಮುಂಬೈ, ಚೆನ್ನೈ, ಹೈದರಾಬಾದ್‌ನಲ್ಲಿರುವವರು ಅಲ್ಲಿಂದಲೇ ಹೋರಾಡಬಹುದು. ಇನ್ನೊಂದು ಅಂಶ ನನ್ನಂಥವರಿಗೆ ಬಲು ಉಪಯುಕ್ತ: ಕೊಂಡವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕರು. ಪುಣೆಯಲ್ಲಿ ನಾನು ದುಡ್ಡು ಕಟ್ಟಿದರೂ ಧಾರವಾಡದಲ್ಲಿ ಬಳಸುತ್ತಿರುವ ನನ್ನ ಮನೆಯವರು ಅಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ಕಾಲಮಿತಿ ಎರಡು ವರ್ಷ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು.

ಆದರೆ ಹೆಚ್ಚಿನವರಿಗೆ ಅಲ್ಲಿವರೆಗೆ ಹೋಗುವ ಅಗತ್ಯ ಬರುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಮಾತನಾಡಬಹುದು. 17 ಭಾಷೆಗಳಲ್ಲಿ ನಮ್ಮದೂ ಒಂದು. ಸಾವಿರಕ್ಕೂ ಹೆಚ್ಚು ಕಂಪನಿಗಳು ಈ ವ್ಯವಸ್ಥೆಯ ಪಾಲುದಾರರಾಗಿರುವುದರಿಂದ ದೂರು ನೇರವಾಗಿ ಅವರಿಗೆ ಹೋಗುತ್ತದೆ. ಸಹಾಯವಾಣಿ ಆದೇಶ ಮಾಡುವ ನ್ಯಾಯಾಲಯವಲ್ಲ, ಆದರೆ ಸರ್ವೀಸ್ ಸೆಂಟರ್‌ನ ಹುಡುಗನ ಬಾಯಿಮಾತು ಅಲ್ಲಿ ಉತ್ತರವಾಗಿ ನಡೆಯುವುದಿಲ್ಲ. ಕಂಪನಿ ಬರೆದು ಕೊಡಬೇಕಾಗುತ್ತದೆ.

ಸರ್ವೀಸ್ ಸೆಂಟರ್‌ಗೆ ಹೋಗುವುದಿದ್ದರೆ ಜಾಬ್ ಶೀಟ್ ಪಡೆಯದೆ ಹೊರಬರಬೇಡಿ. ನಾರ್ಮಲ್ ಎಂದಾದರೆ ಅದನ್ನೇ ಜಾಬ್ ಶೀಟ್‌ನಲ್ಲಿ ಬರೆಯಲು ಹೇಳಿ. ನಮ್ಮಪ್ಪ ಎರಡನೇ ಸಲ ಹೋದಾಗ ಹೀಗೇ ಕೇಳಿದರು. ಹಾಗೆ ಬರೆದುಕೊಡಲು ಯಾರೂ ಮುಂದೆ ಬರಲಿಲ್ಲ, ಬದಲಿಗೆ 'ಡಿಸ್‌ಪ್ಲೇ ಕಲರ್ ಇಶ್ಯೂ' ಎಂದು ಬರೆದರು. ಆ ಜಾಬ್ ಶೀಟ್, ಎರಡು ಫೋಟೊ, ಸ್ಕ್ರೀನ್‌ಶಾಟ್, ಜಾಹೀರಾತಿನ ಸಾಲು ಸೇರಿಸಿ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿದೆ, 1915ರಲ್ಲೂ ದಾಖಲಿಸಿದೆ. ರಿಪೇರಿ ಮಾಡಿಕೊಡುತ್ತೇವೆ ಎಂದು ಮೊದಲು ಉತ್ತರ ಬಂತು. ಹೊಸದಾಗಿ ಕೊಂಡ ಟ್ಯಾಬನ್ನು ಬಿಚ್ಚಿ ಬೇರೆ ಪರದೆ ಹಾಕಿಸಿಕೊಳ್ಳಲು ಒಪ್ಪುವುದಿಲ್ಲ ಎಂದು ಬರೆದೆ. ಕೊಂಡ 24ನೇ ದಿನಕ್ಕೆ ಬೇರೆ ಟ್ಯಾಬ್ ಬಂತು.

ಅದರ ಕೆಳಗಿನ ಮೂಲೆಯೂ ತುಸು ಹಳದಿಯೇ. ಬಿಳಿ ಪುಟದಲ್ಲಿ ಹುಡುಕಿದರೆ ಕಾಣುತ್ತದೆ, ಓದುವಾಗ ಕಾಣುವುದಿಲ್ಲ. ಮತ್ತೆ ದೂರು ಕೊಡೋಣವೇ ಎಂದು ಕೇಳಿದ್ದಕ್ಕೆ ತಂಗಿ, "ಬ್ಯಾಡ ಬಿಡಕ್ಕಾ, ನನಗ ಪರೀಕ್ಷಾ ಐತಿ" ಎಂದಳು.