ಕಾಯಿಲೆಯ ಹೆಸರಿನಲ್ಲಿ ಹಣ ಕೇಳುವ ಮೆಸೇಜ್: ಅನುಮಾನ ಯಾವುದರ ಮೇಲಿರಬೇಕು?

“ಎರಡು ವರ್ಷದ ಮಗು. ಲಿವರ್ ಕಾಯಿಲೆ. ಮೂರು ದಿನದೊಳಗೆ ಆಪರೇಷನ್ ಆಗಬೇಕು. ಹತ್ತು ರೂಪಾಯಿಯಾದರೂ ಹಾಕಿ. ಆಗದಿದ್ದರೆ ಹತ್ತು ಜನಕ್ಕಾದರೂ ಕಳುಹಿಸಿ.”

ಕಳೆದ ವರ್ಷ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಇಂಥದ್ದೊಂದು ಮೆಸೇಜ್ ಬಂತು. ಕಳುಹಿಸಿದ್ದು ದೊಡ್ಡಮ್ಮ. ಜೊತೆಗೆ ಮೂಗಿಗೆ ನಳಿಕೆ ಹಾಕಿದ್ದ ಮಗುವಿನ ಫೋಟೋ, ಹಣ ಕಳುಹಿಸಲು ಒಂದು ಮೊಬೈಲ್ ನಂಬರ್. ಅವರು ಆಗಲೇ ಸಾವಿರ ರೂಪಾಯಿ ಹಾಕಿದ್ದರು. ನಾನು ಐನೂರು ಹಾಕಿದೆ. ರಾತ್ರಿ ಯಾಕೋ ಸಮಾಧಾನವಾಗದೆ ಆ ಫೋಟೋವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ ನೋಡಿದೆ. ಫೋಟೋ ನಾಲ್ಕು ವರ್ಷ ಹಳೆಯದು, ಮಗು ಬೇರೆ ರಾಜ್ಯದ್ದು. ಆ ಮಗುವಿನ ಕಾಯಿಲೆ ನಿಜವೇ ಆಗಿತ್ತು. ನಂಬರ್ ಮಾತ್ರ ಆ ಮನೆಯವರದಲ್ಲ.

ಹೋದ ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆಮೇಲೆ ನಡೆದದ್ದು. ಎರಡು ತಿಂಗಳ ನಂತರ ದೊಡ್ಡಮ್ಮನ ಬೀದಿಯಲ್ಲೇ ಇರುವ ಟೈಲರ್ ಒಬ್ಬರಿಗೆ ಕಿಡ್ನಿ ಕಸಿ ಮಾಡಿಸಬೇಕಾಗಿ ಬಂತು. ಅವರ ಮಗ ಸಹಾಯ ಕೇಳಿ ಮೆಸೇಜ್ ಹಾಕಿದ. ದೊಡ್ಡಮ್ಮ ನನಗೆ ಫೋನ್ ಮಾಡಿ, “ಇದೂ ಅಂಥದ್ದೇ ಇರಬಹುದು ಅಲ್ವೇನೇ?” ಎಂದರು. ಇಪ್ಪತ್ತು ವರ್ಷದಿಂದ ಅವರ ಹತ್ತಿರವೇ ರವಿಕೆ ಹೊಲಿಸಿಕೊಂಡವರು ದೊಡ್ಡಮ್ಮ.

ಕಾಯಿಲೆಯ ಹೆಸರಿನ ಮೋಸದಲ್ಲಿ ಹಣ ಕೊಟ್ಟವರಷ್ಟೇ ನಷ್ಟ ಅನುಭವಿಸುವುದಿಲ್ಲ. ಮುಂದೆ ನಿಜವಾಗಿ ಕಾಯಿಲೆ ಬಿದ್ದು ಕೈಚಾಚುವವರಿಗೂ ಅದರ ಪೆಟ್ಟು ಬೀಳುತ್ತದೆ. ಹಾಗಾಗಿ ಈ ಮೋಸ ಹೇಗೆ ನಡೆಯುತ್ತದೆ, ಕೊಡುವುದನ್ನು ನಿಲ್ಲಿಸದೆ ಅದನ್ನು ತಪ್ಪಿಸಿಕೊಳ್ಳುವುದು ಹೇಗೆ ಎಂಬುದನ್ನು ನೋಡೋಣ.

ಮೋಸದಲ್ಲಿ ಮೂರು ಬಗೆ

ಮೊದಲನೆಯದು, ಕಾಯಿಲೆ ನಿಜ, ಖಾತೆ ಸುಳ್ಳು. ಯಾರದೋ ಮಗುವಿನ ಫೋಟೋ, ಆಸ್ಪತ್ರೆ ಚೀಟಿ ಕದ್ದು ತಮ್ಮ ನಂಬರ್ ಸೇರಿಸುತ್ತಾರೆ. ನಮ್ಮ ಗ್ರೂಪಿಗೆ ಬಂದದ್ದು ಇದೇ.

ಎರಡನೆಯದು, ಎಲ್ಲವೂ ಒಂದು ಕಾಲದಲ್ಲಿ ನಿಜವಾಗಿತ್ತು, ಈಗಲ್ಲ. ಮಗು ಗುಣವಾಗಿರುತ್ತದೆ, ಇಲ್ಲವೇ ತೀರಿಕೊಂಡಿರುತ್ತದೆ. ಮೆಸೇಜ್ ಮಾತ್ರ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಇಲ್ಲಿ ಮೋಸಗಾರರು ಯಾರೂ ಇಲ್ಲ. ಆದರೆ ಮಗುವನ್ನು ಕಳೆದುಕೊಂಡ ಮನೆಗೆ “ಈಗ ಹೇಗಿದೆ ಮಗು?” ಎಂಬ ಫೋನ್ ಬರುತ್ತಲೇ ಇದ್ದರೆ ಹೇಗಿರುತ್ತದೆ, ಯೋಚಿಸಿ.

ಮೂರನೆಯದು, ಕಾಯಿಲೆಯೇ ಸುಳ್ಳು. ಮನುಷ್ಯ ನಿಜ, ಹೆಸರು ನಿಜ, ಪರಿಚಯವೂ ನಿಜ. ಕಾಯಿಲೆ ಮಾತ್ರ ಇಲ್ಲ. ಕಂಡುಹಿಡಿಯಲು ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಇದಕ್ಕೆ ಕೋರ್ಟಿನಲ್ಲಿ ತೀರ್ಮಾನವಾದ ಎರಡು ಪ್ರಕರಣಗಳನ್ನು ನೋಡಬಹುದು.

ಏಳು ವರ್ಷದ ‘ಕ್ಯಾನ್ಸರ್’

ಅಮೆರಿಕದ ಕ್ಯಾಲಿಫೋರ್ನಿಯಾದ ಅಮಾಂಡಾ ರೈಲಿ ಎಂಬಾಕೆ 2012ರಿಂದ ತನಗೆ ಕ್ಯಾನ್ಸರ್ ಇದೆ ಎಂದು ಹೇಳಿಕೊಂಡು ಬಂದಳು. ಬ್ಲಾಗ್ ಬರೆದಳು, ತಲೆ ಬೋಳಿಸಿಕೊಂಡಳು, ಆಸ್ಪತ್ರೆಯಲ್ಲಿ ತೆಗೆಸಿಕೊಂಡ ಫೋಟೋಗಳನ್ನು ಹಾಕಿದಳು. ಅನುಮಾನ ಪಟ್ಟವರಿಗೆ ತೋರಿಸಲು ವೈದ್ಯರ ಪತ್ರ, ವೈದ್ಯಕೀಯ ದಾಖಲೆಗಳನ್ನೂ ನಕಲಿ ಮಾಡಿಸಿದ್ದಳು. 2019ರವರೆಗೆ 300ಕ್ಕೂ ಹೆಚ್ಚು ಜನರಿಂದ ಮತ್ತು ಸಂಸ್ಥೆಗಳಿಂದ ಬಂದ ಹಣ 1 ಲಕ್ಷ ಡಾಲರ್ ದಾಟಿತ್ತು. ಕೊಟ್ಟವರಲ್ಲಿ ಬಹಳಷ್ಟು ಜನ ಆಕೆಯನ್ನು ಬಲ್ಲವರೇ. ಒಬ್ಬ ಪತ್ರಕರ್ತೆ ಬೆನ್ನುಹತ್ತಿದ ಮೇಲೆ ಆದಾಯ ತೆರಿಗೆ ಇಲಾಖೆಯ ತನಿಖಾಧಿಕಾರಿಗಳು ಆಸ್ಪತ್ರೆಗಳಲ್ಲಿ ವಿಚಾರಿಸಿದರು. ಚಿಕಿತ್ಸೆ ನಡೆದೇ ಇರಲಿಲ್ಲ. 2022ರಲ್ಲಿ ಕೋರ್ಟು ಆಕೆಗೆ 5 ವರ್ಷ ಜೈಲು ಶಿಕ್ಷೆ ಕೊಟ್ಟಿತು.

ಆಸ್ಟ್ರೇಲಿಯಾದ ಬೆಲ್ ಗಿಬ್ಸನ್‌ಳ ಕತೆ ಇನ್ನೂ ಅಪಾಯಕಾರಿ. ತನಗೆ ಮೆದುಳಿನ ಕ್ಯಾನ್ಸರ್ ಬಂದಿದೆ, ಕೀಮೋಥೆರಪಿ ಬಿಟ್ಟು ಬರೀ ಒಳ್ಳೆಯ ಆಹಾರದಿಂದಲೇ ಅದನ್ನು ನಿಭಾಯಿಸುತ್ತಿದ್ದೇನೆ ಎಂದು ಆಕೆ ಹೇಳಿಕೊಂಡಳು. 2013ರಲ್ಲಿ ಒಂದು ಆ್ಯಪ್ ಬಂತು, ಮುಂದಿನ ವರ್ಷ ದೊಡ್ಡ ಪ್ರಕಾಶನ ಸಂಸ್ಥೆಯಿಂದ ಅಡುಗೆ ಪುಸ್ತಕ ಬಂತು. ಬಂದ ಹಣದಲ್ಲಿ ದಾನ ಮಾಡುತ್ತೇನೆ ಎಂದೂ ಹೇಳಿದಳು. ಆ ದಾನ ತಲುಪಬೇಕಾದವರಿಗೆ ತಲುಪಿದೆಯೇ ಎಂದು 2015ರಲ್ಲಿ ಪತ್ರಕರ್ತರು ವಿಚಾರಿಸಲು ಹೊರಟಾಗ ಎಲ್ಲ ಬಯಲಾಯಿತು. ಕ್ಯಾನ್ಸರ್ ಇರಲೇ ಇಲ್ಲ ಎಂದು ಆಕೆಯೇ ಒಪ್ಪಿಕೊಂಡಳು. 2017ರಲ್ಲಿ ಕೋರ್ಟು 4.10 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ವೈದ್ಯಕೀಯ ದಾಖಲೆ ಕೇಳದೆ ಪುಸ್ತಕ ಪ್ರಕಟಿಸಿದ ಸಂಸ್ಥೆಯೂ 30 ಸಾವಿರ ಡಾಲರ್ ಕಟ್ಟಬೇಕಾಯಿತು.

ಇಲ್ಲಿ ಮೋಸ ಹಣಕ್ಕೇ ನಿಲ್ಲಲಿಲ್ಲ. ಕ್ಯಾನ್ಸರ್ ಇದ್ದವರು ಆಕೆಯ ಮಾತು ಓದಿ, ‘ಆಹಾರದಿಂದಲೇ ವಾಸಿಯಾಗುವುದಾದರೆ ಕೀಮೋ ಯಾಕೆ?’ ಎಂದು ಯೋಚಿಸುವಂತಾಯಿತು.

ಎರಡೂ ಪ್ರಕರಣಗಳಲ್ಲಿ ಒಂದು ಸಮಾನ ಅಂಶವಿದೆ. ಸುಳ್ಳು ಬಯಲಾದದ್ದು ರೋಗಿಯ ಮುಖ ನೋಡಿ ಅಲ್ಲ. ಬೋಳು ತಲೆ, ಕಣ್ಣೀರು, ಚೀಟಿ ಎಲ್ಲವನ್ನೂ ನಕಲು ಮಾಡಬಹುದು. ಮೂರನೆಯವರು, ಅಂದರೆ ಆಸ್ಪತ್ರೆಯಲ್ಲೋ ದಾನ ತಲುಪಬೇಕಾದ ಕಡೆಯಲ್ಲೋ ವಿಚಾರಿಸಿದಾಗಲೇ ನಿಜ ಗೊತ್ತಾಯಿತು.

ಇದು ಮಾನಸಿಕ ಕಾಯಿಲೆಯೇ?

ಕೆಲವೊಮ್ಮೆ ಹೌದು. ಕಾಯಿಲೆಯ ಕತೆ ಕಟ್ಟಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ರೋಗಿಗಳ ಬಗ್ಗೆ 1951ರಲ್ಲಿ ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ ಬರೆದರು. ಬಡಾಯಿ ಕತೆಗಳಿಗೆ ಹೆಸರಾದ ಜರ್ಮನಿಯ ಒಬ್ಬ ಶ್ರೀಮಂತನ ಹೆಸರಿನಿಂದ ಅದನ್ನು ‘ಮಂಚೌಸನ್ ಸಿಂಡ್ರೋಮ್’ ಎಂದು ಕರೆದರು. ಅಮೆರಿಕದ ಮನೋವೈದ್ಯ ಮಾರ್ಕ್ ಫೆಲ್ಡ್‌ಮನ್, 2000ನೇ ಇಸವಿಯಲ್ಲಿ, ಇಂಟರ್ನೆಟ್‌ನಲ್ಲಿ ಹೀಗೆ ಮಾಡುವುದಕ್ಕೆ ‘ಮಂಚೌಸನ್ ಬೈ ಇಂಟರ್ನೆಟ್’ ಎಂದು ಹೆಸರಿಟ್ಟರು.

ಈ ಸಮಸ್ಯೆ ಇರುವವರಿಗೆ ಬೇಕಾದದ್ದು ಜನರ ಗಮನ, ಕಾಳಜಿ. ಹಣಕ್ಕಾಗಿ, ರಜೆಗಾಗಿ ಅಥವಾ ಶಿಕ್ಷೆ ತಪ್ಪಿಸಿಕೊಳ್ಳಲು ಕಾಯಿಲೆಯ ನಾಟಕ ಆಡಿದರೆ ವೈದ್ಯಶಾಸ್ತ್ರ ಅದನ್ನು ಮಾನಸಿಕ ಕಾಯಿಲೆ ಎನ್ನುವುದಿಲ್ಲ. ನಿಜ ಜೀವನದಲ್ಲಿ ಎರಡೂ ಬೆರೆತಿರಬಹುದು. ಆದರೆ ಫೋಟೋ ಕದ್ದು ನಂಬರ್ ಬದಲಿಸುವವರದು ಶುದ್ಧ ಕಳ್ಳತನ.

ನಾವು ಯಾಕೆ ನಂಬುತ್ತೇವೆ?

ದಡ್ಡರು ಎಂದಲ್ಲ. ಅಮೆರಿಕದಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರ ಕೈಗೆ ತಲಾ 5 ಡಾಲರ್ ಕೊಟ್ಟು ದಾನ ಕೇಳಲಾಯಿತು. ಆಫ್ರಿಕಾದ ಹಸಿವಿನ ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಒಬ್ಬಳೇ ಒಬ್ಬ ಹುಡುಗಿಯ ಕತೆ, ಫೋಟೋ ನೋಡಿದವರು 2.38 ಡಾಲರ್ ಕೊಟ್ಟರು. ಒಂದು ಮುಖ ಕಂಡರೆ ಮನಸ್ಸು ಕರಗುತ್ತದೆ. ಇದು ನಮ್ಮ ದೋಷವಲ್ಲ, ಗುಣ. ಮೋಸಗಾರರು ಅದನ್ನೇ ಬಳಸಿಕೊಳ್ಳುತ್ತಾರೆ.

ಇದರ ಜೊತೆಗೆ ಕಾಯಿಲೆಯವರನ್ನು ಪ್ರಶ್ನೆ ಮಾಡಬಾರದು ಎಂಬ ಸಂಕೋಚ ಬೇರೆ. ಸಾಲ ಕೇಳಿದವರಿಗೆ ನೂರು ಪ್ರಶ್ನೆ ಹಾಕುವ ನಾವು ಕ್ಯಾನ್ಸರ್ ಎಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತೇವೆ. ಇನ್ನೊಂದು ಕಾರಣ, ಮೆಸೇಜ್ ಕಳುಹಿಸಿದವರು ನಮ್ಮವರೇ. ಅವರಿಗೆ ಅದು ಎಲ್ಲಿಂದ ಬಂತು ಎಂದು ನಾವು ಕೇಳುವುದಿಲ್ಲ.

ಹಾಗಾದರೆ ಕೊಡುವುದನ್ನೇ ನಿಲ್ಲಿಸೋಣವೇ?

ನಿಲ್ಲಿಸಬಾರದು. ನಮ್ಮ ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ನೇರವಾಗಿ ತಮ್ಮ ಜೇಬಿನಿಂದ ಕೊಡುವ ಪಾಲು, 2021-22ರ ಸರ್ಕಾರಿ ಲೆಕ್ಕದ ಪ್ರಕಾರ, 39.4%. ಒಂದು ದೊಡ್ಡ ಕಾಯಿಲೆ ಬಂದರೆ ಜಮೀನು, ಒಡವೆ ಎಲ್ಲ ಹೋಗುತ್ತದೆ. ಹೀಗೆ ಸಹಾಯ ಕೇಳುವವರಲ್ಲಿ ನಿಜವಾದವರು ಬೇಕಾದಷ್ಟು ಜನ ಇದ್ದಾರೆ.

ಮಾಡಬೇಕಾದದ್ದು ಇಷ್ಟೇ: ಅನುಮಾನವನ್ನು ನೋವಿನ ಮೇಲಿಂದ ತೆಗೆದು ಖಾತೆಯ ಮೇಲಿಡಿ. ‘ನಿಮಗೆ ನಿಜವಾಗಲೂ ಕಾಯಿಲೆ ಇದೆಯೇ?’ ಎಂಬ ಪ್ರಶ್ನೆ ಅವಮಾನ. ‘ಹಣವನ್ನು ನೇರವಾಗಿ ಆಸ್ಪತ್ರೆಗೆ ಕಟ್ಟಬಹುದೇ?’ ಎಂಬ ಪ್ರಶ್ನೆಯಲ್ಲಿ ಅವಮಾನವಿಲ್ಲ.

1. ಆಸ್ಪತ್ರೆ ಯಾವುದು, ರೋಗಿಯ ನೋಂದಣಿ ಸಂಖ್ಯೆ ಎಷ್ಟು ಎಂದು ಕೇಳಿ. ಆಸ್ಪತ್ರೆಯವರು ಅಪರಿಚಿತರಿಗೆ ಕಾಯಿಲೆಯ ವಿವರ ಹೇಳುವುದಿಲ್ಲ, ಹೇಳಲೂಬಾರದು. ಆದರೆ ಮನೆಯವರು ಒಪ್ಪಿ ಸಂಖ್ಯೆ ಕೊಟ್ಟರೆ, ಆ ರೋಗಿಯ ಬಿಲ್ಲಿಗೆ ಹಣ ಕಟ್ಟಬಹುದೇ ಎಂದು ಬಿಲ್ಲಿಂಗ್ ಕೌಂಟರಿನಲ್ಲಿ ವಿಚಾರಿಸಬಹುದು. ಆಸ್ಪತ್ರೆಯ ಫೋನ್ ನಂಬರನ್ನು ಮೆಸೇಜಿನಿಂದ ತೆಗೆದುಕೊಳ್ಳಬೇಡಿ, ನೀವೇ ಹುಡುಕಿ.

2. ಫೋಟೋವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಅದೇ ಮಗು ಬೇರೆ ಬೇರೆ ಹೆಸರಿನಲ್ಲಿ ಬಂದರೆ ಅಲ್ಲಿಗೇ ನಿಲ್ಲಿಸಿ. ಏನೂ ಸಿಗದಿದ್ದರೆ ಮೆಸೇಜ್ ನಿಜ ಎಂದೇನೂ ಅರ್ಥವಲ್ಲ.

3. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ಪರದೆಯ ಮೇಲೆ ಬರುವ ಹೆಸರು ಓದಿ. ರೋಗಿಯ ಮನೆಯವರ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ಯಾಕೆಂದು ಕೇಳಿ. ಒಮ್ಮೆ ಹೋದ ಹಣವನ್ನು ನೀವಾಗಿಯೇ ವಾಪಸು ಪಡೆಯಲು ಆಗುವುದಿಲ್ಲ.

4. ತಾರೀಖು ನೋಡಿ. ‘ಮೂರು ದಿನದೊಳಗೆ’ ಎಂದು ಇರುತ್ತದೆ, ಯಾವತ್ತಿನಿಂದ ಮೂರು ದಿನ ಎಂದು ಇರುವುದಿಲ್ಲ.

5. ‘ಒಂದು ಶೇರ್ ಮಾಡಿದರೆ ವಾಟ್ಸಾಪ್ ಮಗುವಿಗೆ ಒಂದು ರೂಪಾಯಿ ಕೊಡುತ್ತದೆ’ ಎಂಬುದು ಹಳೆಯ ಸುಳ್ಳು. ಯಾವ ಕಂಪನಿಯೂ ಹಾಗೆ ಕೊಡುವುದಿಲ್ಲ.

6. ಪರಿಚಯದವರಾದರೆ ಹೋಗಿ ನೋಡಿ ಬನ್ನಿ. ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋಗುವುದು ನಮ್ಮ ಹಳೆಯ ಪದ್ಧತಿ. ನಿಜವಾಗಿ ಕಾಯಿಲೆ ಇದ್ದವರಿಗೆ ಅದರಿಂದ ಧೈರ್ಯವೂ ಬರುತ್ತದೆ.

ಹಣವಿಲ್ಲದೆಯೂ ಸಹಾಯ ಮಾಡಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಕೆಲವು ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರದ ನೀತಿಯಡಿ, ಗುರುತಿಸಿದ ಆಸ್ಪತ್ರೆಗಳ ಮೂಲಕ, 50 ಲಕ್ಷದವರೆಗೆ ನೆರವು ಸಿಗುತ್ತದೆ. ಇವುಗಳಿಗೆ ಅರ್ಜಿ ಹಾಕಿದ್ದೀರಾ ಎಂದು ಕೇಳಿ, ಹಾಕಲು ಜೊತೆಗೆ ಹೋಗಿ.

ಮೋಸ ಹೋಗಿದ್ದರೆ

ನಾಚಿಕೆಯಿಂದ ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೆಸೇಜ್, ನಂಬರ್, ಹಣ ಹೋದ ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇಂಥ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಅಡಿ 7 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಸುಳ್ಳು ಮೆಸೇಜನ್ನು ನೀವೂ ಫಾರ್ವರ್ಡ್ ಮಾಡಿದ್ದರೆ, ಅದೇ ಗ್ರೂಪಿನಲ್ಲಿ ‘ಇದು ಸುಳ್ಳು, ಹಣ ಹಾಕಬೇಡಿ’ ಎಂದು ಬರೆಯಿರಿ. ಅಳಿಸಿದರೆ ಸಾಲದು, ಅಷ್ಟು ಹೊತ್ತಿಗೆ ಅದು ಬೇರೆ ಗ್ರೂಪುಗಳಿಗೆ ಹೋಗಿರುತ್ತದೆ.

ದೊಡ್ಡಮ್ಮನಿಗೆ ನಾನು ಹೇಳಿದ್ದೂ ಇದನ್ನೇ. ಟೈಲರ್ ಮಗನನ್ನು ನೋಂದಣಿ ಸಂಖ್ಯೆ ಕೇಳಿದಾಗ ಅವನು ಬೇಜಾರು ಮಾಡಿಕೊಳ್ಳಲಿಲ್ಲ, “ಅಲ್ಲೇ ಕಟ್ಟಿದರೆ ನಮಗೂ ಒಳ್ಳೆಯದು ಅಮ್ಮ, ಲೆಕ್ಕ ಇರುತ್ತೆ” ಎಂದನಂತೆ. ದೊಡ್ಡಮ್ಮ ಆಸ್ಪತ್ರೆಗೆ ಹೋಗಿ, ಅವರನ್ನು ನೋಡಿ, ಕೌಂಟರಿನಲ್ಲಿ ಎರಡು ಸಾವಿರ ಕಟ್ಟಿ, ರಸೀದಿಯ ಫೋಟೋವನ್ನು ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ನಮ್ಮ ಮನೆಯವರಲ್ಲೇ ಇನ್ನೂ ಐದು ಜನ ಆ ಬಿಲ್ಲಿಗೆ ಹಣ ಕಟ್ಟಿದರು.