ಬೀಗದ ಕೈ ಮತ್ತು ಹೊಣೆಗಾರಿಕೆ

ಮನುಷ್ಯನೊಬ್ಬನ ಸ್ವಾತಂತ್ರ್ಯವನ್ನು ಕಸಿದುಕೊಳ್ಳುವುದು ಪ್ರಭುತ್ವದ ಅಧಿಕಾರಗಳಲ್ಲೆಲ್ಲ ಅತ್ಯಂತ ಕಠೋರವಾದುದು. ಸೆರೆಮನೆಯ ಆಡಳಿತವನ್ನು ಲಾಭಕ್ಕಾಗಿ ದುಡಿಯುವ ಕಂಪನಿಗೆ ಗುತ್ತಿಗೆ ಕೊಟ್ಟ ಮೇಲೆ ಸರಕಾರದ ಪಾಲಿಗೆ ಮುಖ್ಯವಾಗಿ ಉಳಿಯುವುದು ಮೇಲ್ವಿಚಾರಣೆಯ ಕೆಲಸ. ಅದೂ ಕಡತಗಳಲ್ಲೇ ಮುಗಿದುಹೋದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸೆರೆಮನೆ ನಿದರ್ಶನವಾಗಿದೆ.

ಆ ದೇಶದಲ್ಲಿ ಖಾಸಗಿ ಸೆರೆಮನೆಗಳಿಗೆ ದಾರಿ ತೆರೆದದ್ದು 1991ರ ಕ್ರಿಮಿನಲ್ ಜಸ್ಟಿಸ್ ಕಾಯಿದೆ. ಅದನ್ನು ರೂಪಿಸಿದವರು ಅಪಾಯವನ್ನು ಅರಿಯದವರಲ್ಲ. ಕಂಪನಿ ನಡೆಸುವ ಪ್ರತಿಯೊಂದು ಸೆರೆಮನೆಗೂ ‘ಕಂಟ್ರೋಲರ್’ ಎಂಬ ಸರಕಾರಿ ಅಧಿಕಾರಿಯನ್ನು ನೇಮಿಸಬೇಕು. ಆಡಳಿತದ ಮೇಲೆ ಕಣ್ಣಿಟ್ಟು ಸಚಿವರಿಗೆ ವರದಿ ಒಪ್ಪಿಸುವುದು, ಸಿಬ್ಬಂದಿಯ ಮೇಲಿನ ಆರೋಪಗಳನ್ನು ವಿಚಾರಿಸುವುದು ಅವರ ಕರ್ತವ್ಯ ಎಂದು ವಿಧಿಸಿದರು. 2011ರ ಅಕ್ಟೋಬರಿನಲ್ಲಿ, 1849ರಷ್ಟು ಹಳೆಯದಾದ ಬರ್ಮಿಂಗ್‌ಹ್ಯಾಮ್ ಸೆರೆಮನೆ ಜಿ4ಎಸ್ ಕಂಪನಿಯ ಕೈಸೇರಿತು. ಸರಕಾರಿ ಸೆರೆಮನೆಯೊಂದು ಖಾಸಗಿಯವರ ಪಾಲಾದದ್ದು ಅಲ್ಲಿ ಅದೇ ಮೊದಲು.

2016ರ ಡಿಸೆಂಬರಿನಲ್ಲಿ ಅಲ್ಲಿ ನೂರಾರು ಕೈದಿಗಳ ದೊಡ್ಡ ದಂಗೆ ನಡೆಯಿತು. ಎಚ್ಚರಿಕೆಯ ಗಂಟೆ ಇಷ್ಟು ಜೋರಾಗಿ ಬಾರಿಸಿದ ಮೇಲೂ ಸ್ಥಿತಿ ಸುಧಾರಿಸಲಿಲ್ಲ. 2018ರ ಬೇಸಗೆಯಲ್ಲಿ ಮುಖ್ಯ ಪರಿವೀಕ್ಷಕ ಪೀಟರ್ ಕ್ಲಾರ್ಕ್ ಅವರ ತಂಡ ಒಳಹೊಕ್ಕಾಗ ಕಂಡದ್ದು ರಕ್ತ, ವಾಂತಿ, ಇಲಿ ಹಿಕ್ಕೆಗಳ ನಡುವಿನ ವಾಸ, ಎಗ್ಗಿಲ್ಲದ ಮಾದಕವಸ್ತು, ಹೆದರಿ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡಿದ್ದ ಸಿಬ್ಬಂದಿ. ಪರಿವೀಕ್ಷಣೆ ನಡೆಯುತ್ತಿದ್ದಾಗಲೇ ಸಿಬ್ಬಂದಿಯ ವಾಹನ ನಿಲುಗಡೆಯಲ್ಲಿ ಕಾರುಗಳಿಗೆ ಬೆಂಕಿ ಬಿತ್ತು. ಆಗಸ್ಟ್ 20ರಂದು ಸರಕಾರ ಸೆರೆಮನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 2019ರ ಜುಲೈಯಲ್ಲಿ ಅದು ಶಾಶ್ವತವಾಗಿ ಸರಕಾರದ ಆಡಳಿತಕ್ಕೆ ಮರಳಿತು. ಹೆಚ್ಚುವರಿ ವೆಚ್ಚಕ್ಕಾಗಿ ಕಂಪನಿ 99 ಲಕ್ಷ ಪೌಂಡ್ ತೆರಬೇಕಾಯಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ ಕಂಪನಿಯ ಕುರಿತಾದುದು ಮಾತ್ರವಲ್ಲ. ಕಾಯಿದೆಯಂತೆ ಸರಕಾರದ ಕಣ್ಣು ಆ ಗೋಡೆಗಳೊಳಗೇ ಇತ್ತು. ಕಂಡದ್ದರ ಮೇಲೆ ಸಕಾಲದಲ್ಲಿ ಕೈ ಚಾಚುವವರು ಇರಲಿಲ್ಲ. ಗುತ್ತಿಗೆಯ ಮೇಲ್ವಿಚಾರಣೆ ಸಹಜವಾಗಿಯೇ ಎಣಿಸಬಹುದಾದುದರ ಕಡೆಗೆ ವಾಲುತ್ತದೆ. ಷರತ್ತುಗಳ ಪಟ್ಟಿ, ಅಂಕಿಅಂಶ, ದಂಡದ ಲೆಕ್ಕ ಇವೆಲ್ಲ ಅದಕ್ಕೆ ಸುಲಭ. ಕೈದಿ ರಾತ್ರಿ ಭಯದಿಂದ ನಿದ್ದೆಗೆಟ್ಟನೇ ಎಂಬುದು ಯಾವ ಕೋಷ್ಟಕಕ್ಕೂ ಸಿಗದು. ತನ್ನದೇ ಗುತ್ತಿಗೆ ವಿಫಲವಾಯಿತೆಂದು ಒಪ್ಪಿಕೊಳ್ಳಲು ಇಲಾಖೆಗೂ ಮುಜುಗರ. ಕೊನೆಗೆ ಬಾಗಿಲು ತೆರೆಸಿದ್ದು ಗುತ್ತಿಗೆಯಲ್ಲಿ ಪಾಲಿಲ್ಲದ ಸ್ವತಂತ್ರ ಪರಿವೀಕ್ಷಕರು. 2017ರಲ್ಲಿ ಜಾರಿಗೆ ಬಂದ ‘ತುರ್ತು ಸೂಚನೆ’ಯ ಕ್ರಮದಂತೆ ಅವರು ಪತ್ರ ಬರೆದರೆ ಸಚಿವರು 28 ದಿನಗಳೊಳಗೆ ಬಹಿರಂಗವಾಗಿ ಉತ್ತರಿಸಬೇಕು. ಆ ಪತ್ರಕ್ಕಿದ್ದ ಬಲ ಇದೇ.

ಸರಕಾರಿ ಸೆರೆಮನೆಗಳೇನು ನಂದನವನಗಳೇ ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದುದೇ. ಅದೇ 2018ರಲ್ಲಿ ಸರಕಾರವೇ ನಡೆಸುತ್ತಿದ್ದ ನಾಟಿಂಗ್‌ಹ್ಯಾಮ್, ಎಕ್ಸೆಟರ್ ಸೆರೆಮನೆಗಳಿಗೂ ತುರ್ತು ಸೂಚನೆ ಹೋಗಿತ್ತು. ಆದರೆ ಸರಕಾರಿ ಸೆರೆಮನೆ ಕೆಟ್ಟಾಗ ಉತ್ತರಿಸಬೇಕಾದವರು ಯಾರೆಂಬುದು ಸ್ಪಷ್ಟ. ಗುತ್ತಿಗೆಯ ಸೆರೆಮನೆ ಕೆಟ್ಟಾಗ ಕಂಪನಿ ಷರತ್ತನ್ನೂ ಇಲಾಖೆ ಕಂಪನಿಯನ್ನೂ ತೋರಿಸಿ ನುಣುಚಿಕೊಳ್ಳಲು ಎಡೆಯಿದೆ. ಈ ಎಡೆಯನ್ನು ಮುಚ್ಚದ ಮೇಲ್ವಿಚಾರಣೆ ನಾಮಮಾತ್ರದ್ದು. ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಇನ್ನೂ ಮುಂದೆ ಹೋಗಿ, ಸೆರೆಯ ಅಧಿಕಾರವನ್ನು ಲಾಭದ ಉದ್ದೇಶವುಳ್ಳ ಸಂಸ್ಥೆಗೆ ಒಪ್ಪಿಸುವುದೇ ಕೈದಿಯ ಮೂಲಭೂತ ಹಕ್ಕಿಗೆ ಧಕ್ಕೆಯೆಂದು ಆ ಕಾನೂನನ್ನೇ ರದ್ದುಗೊಳಿಸಿತು.

ಭಾರತದಲ್ಲಿ ಸೆರೆಮನೆ ರಾಜ್ಯಪಟ್ಟಿಯ ವಿಷಯ. ಕಂಪನಿಗಳ ಕೈಗೆ ಅದು ಹೋಗಿಲ್ಲ. ಆದರೂ ಸಾರ್ವಜನಿಕ ಸೇವೆಗಳು ಒಂದೊಂದಾಗಿ ಗುತ್ತಿಗೆಗೆ ಜಾರುತ್ತಿರುವ ಈ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ಪಾಠ ದೂರದ್ದಲ್ಲ. ಗುತ್ತಿಗೆಗೆ ಸಹಿ ಹಾಕುವ ಮೊದಲೇ ಮೂರು ವಿಷಯ ನಿಶ್ಚಯವಾಗಿರಬೇಕು: ಯಾವ ಹೊತ್ತಿನಲ್ಲೂ ಹೇಳದೆ ಕೇಳದೆ ಒಳಹೋಗಬಲ್ಲ ಸ್ವತಂತ್ರ ಪರಿವೀಕ್ಷಕರು, ಜನರೆಲ್ಲ ಓದಬಹುದಾದ ವರದಿ, ಗೊತ್ತಾದ ಅವಧಿಯೊಳಗೆ ಸಚಿವರ ಉತ್ತರ. ಇವಿಲ್ಲದ ಕಡೆ ಬೀಗದ ಕೈಯನ್ನು ಕಂಪನಿಗೆ ಕೊಡಲೇಬಾರದು. ಒಳಗಿರುವವರಿಗೆ ಬೇರೆ ಸೆರೆಮನೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಅವರ ಪರವಾಗಿ ಕೇಳುವ ಹೊಣೆ ಹೊರಗಿರುವವರದು.